ಗೊತ್ತಿಲ್ಲದಿದ್ದರೆ ಕೆಂಪು

ಡರ್ಬಿಯಲ್ಲಿ, ರೈಲು ನಿಲ್ದಾಣದ ಹಿಂದಿನ ಇಟ್ಟಿಗೆ ಕಟ್ಟಡ,
ಮೂರನೇ ಮಹಡಿ. ನಾವು ಹನ್ನೊಂದು ಜನ
ಸಿಗ್ನಲ್ಲುಗಳಿಗೆ ಬುದ್ಧಿ ಹೇಳುವವರು.
ಯಾವ ಹಳಿಯ ಮೇಲೆ ಯಾರಿದ್ದಾರೆ,
ಯಾರು ಹೊರಡಬಹುದು, ಯಾರು ಕಾಯಬೇಕು,
ಅಷ್ಟೇ ಕಸುಬು.
ಅದಕ್ಕೊಂದೇ ನೀತಿ, ಸೇರಿದ ದಿನವೇ ಡೊರೀನ್ ಕಲಿಸಿದ್ದು:
ಗೊತ್ತಿಲ್ಲದಿದ್ದರೆ ಕೆಂಪು.
ತಂತಿ ಕಡಿದರೆ ಕೆಂಪು, ಇಲಿ ಕಚ್ಚಿದರೆ ಕೆಂಪು,
ಹಳಿಯ ಮೇಲಿರುವುದು ಗಾಡಿಯೋ ಬರೀ ಒದ್ದೆ ಎಲೆಯೋ
ಅನುಮಾನ ಬಂದರೂ ಕೆಂಪು.
ಹಸಿರಿಗೆ ಮಾತ್ರ ಖಾತ್ರಿ ಬೇಕು.

ಹತ್ತೊಂಬತ್ತು ವರ್ಷ ಇದನ್ನೇ ಬರೆದೆ,
ಈಗ ಯಾರೂ ಕಲಿಯದ ಹಳೇ ಭಾಷೆಯಲ್ಲಿ.

ಫೆಬ್ರವರಿಯಲ್ಲಿ ಏಜೆನ್ಸಿಯೊಂದರ ಕೈಪಿಡಿ ಬಂತು,
ನುಣುಪು ಕಾಗದ, ನಮ್ಮಂಥವರ ದರಪಟ್ಟಿ,
ತರಕಾರಿ ಮಂಡಿಯ ಬೋರ್ಡಿನ ಹಾಗೆ:
ಅನುಭವ ಇಷ್ಟು, ಊರು ಇಂಥದು, ಪೌಂಡು ಇಷ್ಟು.
ಲಂಡನ್ನಿನವರಿಗೆ ಒಂದು ಮುಷ್ಟಿ ಹೆಚ್ಚು.
‘ಸುರಕ್ಷತಾ ಸಾಫ್ಟ್‌ವೇರ್, ಹದಿನೈದು ವರ್ಷ ಮೇಲ್ಪಟ್ಟು’,
ಬೆರಳಿಟ್ಟು ಸಾಲು ಹಿಡಿದು ಹೋದೆ.
ಅರವತ್ತಾರರಿಂದ ಎಪ್ಪತ್ತೊಂಬತ್ತು ಸಾವಿರ.
ನನ್ನದು ಐವತ್ತೆರಡು.
ಮತ್ತೆ ನೋಡಿದೆ. ಬೆರಳು ಸಾಲು ತಪ್ಪಿರಲಿಲ್ಲ.

ಕ್ಯಾಲಮ್‌ಗೆ ಎಷ್ಟು? ಇಪ್ಪತ್ತೆಂಟರ ಹುಡುಗ, ಒಳ್ಳೆಯವನು,
ನನ್ನ ಕೋಡನ್ನು ನನ್ನನ್ನೇ ಕೇಳಿ ತಿಳಿದುಕೊಳ್ಳುವವನು.
ಬಾಯಿ ಬರಲಿಲ್ಲ.
ಗಂಡಸಿನ ಸಂಬಳ ಕೇಳಬಾರದು, ಹೆಂಗಸಿನ ವಯಸ್ಸು ಕೇಳಬಾರದು.
ಹೆಂಗಸಿನ ಸಂಬಳ?
ಗಾದೆ ಕಟ್ಟಿದವರಿಗೆ ಅಂಥದೊಂದು ಇದ್ದೀತೆಂದೇ ಹೊಳೆದಿಲ್ಲ.
ಹಾಗಾದರೆ ಕೇಳಬಹುದು, ಅಂದುಕೊಂಡೆ. ಅಡ್ಡಿಯಿಲ್ಲ.

ಶುಕ್ರವಾರ, ಚಹಾದ ಹೊತ್ತು, ಡೊರೀನಳನ್ನು ಕೇಳಿದೆ.
ನಿವೃತ್ತಿಗೆ ಆರು ವಾರ ಉಳಿದವಳು,
ಕೆಟಲಿನ ಸದ್ದು ಅಡಗುವ ತನಕ ಸುಮ್ಮನಿದ್ದಳು.
ಬಿಸ್ಕತ್ತಿನ ಪೊಟ್ಟಣ ಹರಿದು, ಒಳಗಿನ ಬಿಳಿ ಬದಿಗೆ
ಪೆನ್ಸಿಲ್ಲಿನಲ್ಲಿ ಎರಡು ಅಂಕಿ ಬರೆದು ನೂಕಿದಳು.
ಐದು, ನಾಲ್ಕು.
ಅದರ ಕೆಳಗೆ ಇನ್ನೆರಡು. ಆರು, ಒಂದು.
“ಇದು ಹುಡುಗನದು. ಕ್ರಿಸ್‌ಮಸ್ಸಿಗೆ ಮುಂಚೆ ಪ್ರಿಂಟರಿನ ಮೇಲೆ ಮರೆತಿದ್ದ.”
ಮೂವತ್ತೆಂಟು ವರ್ಷಕ್ಕೆ ಐವತ್ತನಾಲ್ಕು.
ಅವಳು ಬರೆದಿಟ್ಟ ತರ್ಕದ ಮೇಲೆ
ನಿನ್ನೆ ರಾತ್ರಿಯೂ ಕಡೇ ಗಾಡಿ ಮನೆ ಸೇರಿದೆ.
ಪೊಟ್ಟಣದ ಚೂರನ್ನು ಚಹಾದಲ್ಲಿ ಅದ್ದಿ
ಮುದ್ದೆ ಮಾಡಿ ಎಸೆದಳು.

ಗೊತ್ತಿಲ್ಲದಿದ್ದರೆ ಕೆಂಪು ಅಂದವಳೇ,
ಗೊತ್ತಿಲ್ಲದೆ ಅಷ್ಟು ವರ್ಷ
ಹಸಿರಿನಲ್ಲೇ ಓಡಿಸಿಕೊಂಡು ಬಂದೆವಲ್ಲ ಇಬ್ಬರೂ.

ರಾತ್ರಿ ಅಡುಗೆಮನೆಯಲ್ಲಿ ಅಭ್ಯಾಸ.
ಇಂಗ್ಲಿಷಿನಲ್ಲಿ ಅಂದರೆ ದನಿ ಕೊನೆಗೆ ಮೇಲೇಳುತ್ತದೆ,
ಪ್ರಶ್ನೆಯ ಹಾಗೆ, ತಪ್ಪಾಯಿತು ಅನ್ನುವ ಹಾಗೆ.
ಕನ್ನಡದಲ್ಲಿ ಅಂದೆ: ಅರವತ್ತೆಂಟು.
ನಾಲಗೆ ಕಾಲೂರಲು ಒತ್ತಕ್ಷರ ಜಾಗ ಕೊಟ್ಟಿತು.
ಸಿಂಕಿನ ಪಾತ್ರೆಗಳಿಗೆ ಹೇಳಿದೆ, ಫ್ರಿಜ್ಜಿಗೆ ಹೇಳಿದೆ.
ಮಗಳು ಇಣುಕಿ,
“ಯಾರಿಗಮ್ಮಾ ಅಷ್ಟು ವಯಸ್ಸು?” ಅಂದಳು.

ಮ್ಯಾನೇಜರ್ ರೋಸಲಿಂಡ್ ಸಭ್ಯಳು. ಬ್ಯಾಂಡು ಅಂದಳು,
ಬಜೆಟ್ಟು ಅಂದಳು, ನಿನ್ನನ್ನು ಎಷ್ಟು ಗೌರವಿಸುತ್ತೇವೆ ಅಂದಳು.
ನಾನು ಸಂಖ್ಯೆ ಹೇಳಿ ಸುಮ್ಮನೆ ಕೂತೆ.
ಕಿಟಕಿಯಾಚೆ ಸರಕು ಗಾಡಿಯೊಂದು ನಿಂತಿತ್ತು, ದಾರಿ ಸಿಗದೆ.
ಅದಕ್ಕೆ ಹಸಿರು ಬರುವವರೆಗೂ
ಬಾಯಿ ತೆರೆಯಲಿಲ್ಲ.

ಅರವತ್ತಮೂರಕ್ಕೆ ಬಂದು ನಿಂತಿತು. ಏಪ್ರಿಲ್ಲಿನಿಂದ.
ಕೈಪಿಡಿಗಿಂತ ಮೂರು ಕಡಿಮೆ, ಕ್ಯಾಲಮ್‌ಗಿಂತ ಎರಡು ಹೆಚ್ಚು.
ಹಿಂದಿನ ವರ್ಷಗಳ ಮಾತು ಯಾರೂ ಎತ್ತಲಿಲ್ಲ. ನಾನೂ.

ಡೊರೀನಳ ಕಡೇ ದಿನ
ಕಾರ್ಡು ಎಲ್ಲರ ಕೈ ದಾಟಿ ನನ್ನ ಮೇಜಿಗೆ ಬಂತು.
ತೋಟ, ಮೊಮ್ಮಕ್ಕಳು, ಮೀನು ಹಿಡಿಯುವುದು,
ಹಾರೈಕೆಗಳ ನಡುವೆ ಬೆರಳಗಲ ಜಾಗ.
೬೩ ಅಂತ ಬರೆದೆ, ಕನ್ನಡದ ಅಂಕಿಯಲ್ಲಿ.
“ಇದೇನು?” ಅಂದ ಕ್ಯಾಲಮ್.
ಹೇಳಿದೆ. ಅವನ ಕಿವಿ ಕೆಂಪಾಯಿತು.
ಆಮೇಲೆ, ಕುರ್ಚಿ ಹತ್ತಿರ ಎಳೆದುಕೊಂಡು,
ತನ್ನದನ್ನು ತಾನೇ ಮೆಲ್ಲಗೆ ಹೇಳಿದ.
ನನಗೆ ಗೊತ್ತಿತ್ತು. ಆದರೂ
ಮೊದಲ ಸಲದ ಹಾಗೆ ಕೇಳಿಸಿಕೊಂಡೆ.