ಗೊರಗೊರ

ಶಹಾಬಾದದಾಗ ರಾತ್ರಿ ಒಂಬತ್ತೂವರಿ ಅಂದ್ರ
ಸಿಮೆಂಟಿನ ಧೂಳು ಸೈತ ನೆಲಕ್ಕ ಕೂಡೋ ಹೊತ್ತು.
ದಸ್ತಗೀರಸಾಬರ ರೇಡಿಯೋ ಅಂಗಡಿಗೆ
ಆಗ ಒಳಗಿಂದ ಚಿಲಕ.
ನನಗ ಹನ್ನೆರಡು. ಹೆಸರಿಡದು ಯಾರೂ ಕರೀತಿರಲಿಲ್ಲ,
'ಏ ಕಿವಿ, ಬಾ ಇಲ್ಲಿ' ಅಂತಿದ್ರು.

ಬೇವಿನ ಗಿಡಕ್ಕ ಬಿಗಿದ ಏರಿಯಲ್ ತಂತಿ
ಬಟ್ಟಿ ಒಣಹಾಕೋ ಹಗ್ಗದಂಗ ಕಾಣಲಿ ಅಂತ
ಅದರ ಮ್ಯಾಲ ಯಾವಾಗಲೂ ಒಂದು ಹಸಿ ಲುಂಗಿ.
ವಾಲ್ವು ಕಾದು ಕೆಂಪಾಗಬೇಕು,
ಮುಳ್ಳು ಸಿಲೋನು ದಾಟಿ
ಯಾವುದೋ ಹಡಗಿನ ಟಿಕಟಿಕ ದಾಟಿ
ಕೂದಲೆಳಿಯಷ್ಟು ಎಡಕ್ಕ.
ಅಲ್ಲಿ ಅಕಿ ಇರ್ತಿದ್ಳು.

ಹಿಂದಿಯನ್ನ ಇಸ್ತ್ರಿ ಮಾಡಿ ಮಡಚಿಟ್ಟಂಗ ಮಾತು.
ವರ್ಷಗಟ್ಟಲೆ ಒಮ್ಮೆಯೂ ಕೆಮ್ಮಲಿಲ್ಲ.
'ಕಿಸಾನ್' ಅಂದಾಗೆಲ್ಲ
ಆ ಬಾಯಿಗೆ ಎಂದೂ ಜ್ವಾಳದ ರೊಟ್ಟಿ ಹತ್ತಿಲ್ಲ ಅನಸೋದು.
ಗುಂಡೇರಾವ ಮಾಸ್ತರ ಕಣ್ಣು ಮುಚ್ಚಿ ಕೂಡೋರು.
ಎಡಗಿವಿ ಅವರಿಗಿಲ್ಲ, ನಿಜಾಮನ ಕಾಲದ ಜೇಲಿನ ಏಟು.
ಅದಕ್ಕ ಬರಕೊಳ್ಳೋನು ನಾನು.

ಅಕಿದು ಒಂದು ಸಾಲು ಬಂದ್ರ
ಮೂರು ಸಾಲು ಬೀಸೋಕಲ್ಲಿನ ಸಪ್ಪಳ.
'ನಡುವ ಏನು ಬಿಟ್ಟಿ?' ಅಂದ್ರು ಮಾಸ್ತರ.
ಖಾಲಿ ಜಾಗ ತೋರಸ್ಲಾಕ ನಾಚಿಕಿ ಬಂತು,
ತುಂಬಿದೆ.
ಮೊದಲ ಒಂದು ಶಬ್ದ.
ನಾಕು ದಿನಕ್ಕ ಒಂದು ವಾಕ್ಯ.
ಹೋಳಿ ಮುಂದಿನ ಒಂದು ರಾತ್ರಿ, ಪೂರಾ ಒಂದು ಗೆಲುವು:
ಖಣಿಯ ಕೆಲಸಗಾರರು ಮುಕಾದಮನ ಕಳ್ಳ ಗಜ ಮುರಿದರು,
ಬಾರೂದಿನ ಖೋಲಿಯ ಕೀಲಿ ಈಗ ಅವರ ಕೈಯಲ್ಲಿದೆ.
ಯಾವ ಊರು? ಬರೀಲಿಲ್ಲ.
ಬೀಸೋಕಲ್ಲು ಊರಿನ ಹೆಸರು ಹೇಳೂದಿಲ್ಲ.

ಸ್ಟೆನ್ಸಿಲ್ ಕೊರೆದು, ರೋಲರ್ ಉರುಳಿಸಿ, ಇನ್ನೂರು ಹಾಳಿ
ಬೆಳಕು ಹರಿಯೂದ್ರಾಗ
ರೊಟ್ಟಿ ಗಂಟಿನಾಗ ಖಣಿಗೆ ಇಳಿದವು.

ಮಾಪಣ್ಣಗ ಓದ್ಲಾಕ ಬರ್ತಿರಲಿಲ್ಲ.
ಓದಿಸಿಕೊಂಡ. ಮತ್ತ ಓದಿಸಿಕೊಂಡ.
ರುಮಾಲಿನ ಮಡಿಕ್ಯಾಗ ಹಾಳಿ ಇಟಗೊಂಡ.
ಮುಂಗೈ ತುಂಬ ಫರಸಿಯ ಬಿಳಿ ಪುಡಿ,
ಕಾಗಿಣಾದಾಗ ಮುಳುಗಿದ್ರೂ ಹೋಗದ್ದು.
'ಕಿವಿ, ಇದು ಅಕಿನೇ ಹೇಳಿದ್ಳೇನು? ಖರೇ?'
'ಹೂಂ' ಅಂದೆ.

ಎಂಟು ದಿನಕ್ಕ ಮೂರನೇ ಖಣಿಯಾಗ
ಖರೇನೇ ಗಜ ಮುರೀತು.
ಲಾರಿ ಬಂತು, ಲಾಠಿ ಬಂತು.
ಉಳಿದವರು ಮನಿ ಕಡಿ ಓಡಿದ್ರು,
ಮಾಪಣ್ಣ ಮೂಡಣಕ್ಕ ನಡದ.
ಚಿತ್ತಾಪುರ ದಾಟಿ, ಸೇಡಂ ದಾಟಿ,
ಕೀಲಿ ಕೈಯಾಗಿರೋ ಊರು ಹುಡುಕ್ಕೊಂತ.

ಫೌಜದಾರ ಬಂದು ಡಬ್ಬಿ ತಿರುವಿ ನೋಡಿದ.
ದಸ್ತಗೀರಸಾಬರು ಟಪಾಲ ಕಚೇರಿಯ ಪುಸ್ತಕ ಮುಂದಿಟ್ರು,
ಹದಿನೈದು ರೂಪಾಯಿ ಕಟ್ಟಿದ ಮುದ್ರಿ ಸಮೇತ.
'ಕೇಳ್ಲಾಕ ಲೈಸನ್ಸ್ ಅದ ಸಾಹೇಬ್ರ.'

ಮತ್ತೊಂದು ತಿಂಗಳು.
ಆಕಾಶ ಅಷ್ಟು ಸ್ವಚ್ಛ ಎಂದೂ ಇರಲಿಲ್ಲ.
ಅಕಿ ಓದಿದ್ಳು, ಒಂದಕ್ಷರ ಹರೀಲಾರದಂಗ:
ದಕ್ಷಿಣದ ಒಂದು ಖಣಿ. ಕಳ್ಳ ಗಜ.
ಬಾರೂದಿನ ಖೋಲಿಯ ಕೀಲಿ.
ನಮ್ಮ ಹಾಳಿ ಯಾವ ರೈಲು ಹತ್ತಿತ್ತೋ,
ಯಾರ ಕಿಸೆಯಿಂದ ಯಾರ ಕಿಸೆಗೆ ದಾಟಿತ್ತೋ.
ಮಾಸ್ತರ ಕಣ್ಣು ತೆರೆದ್ರು, ಕಣ್ಣಾಗ ನೀರು.
'ನೋಡು, ಎರಡನೇ ಸಲ ಹೇಳಿದ್ಳು. ಖಾತ್ರಿ ಆತು.'
ದಸ್ತಗೀರಸಾಬರು ಬೆಸುಗಿ ಕಡ್ಡಿ ಹಿಡಕೊಂಡೇ
ನನ್ನ ಕಡಿ ನೋಡಿದ್ರು.
ಅವರಿಗೆ ಎರಡೂ ಕಿವಿ ಚಲೋ ಇದ್ವು.
ಏನೂ ಅನಲಿಲ್ಲ. ಮುಳ್ಳು ತಿರುವಿ
ಸಿಲೋನಿನ ಹಾಡು ಹಚ್ಚಿದ್ರು.

ಆಮ್ಯಾಲ ತಿಪ್ಪವ್ವ ಬರ್ಲಾಕ ಹತ್ತಿದ್ಳು.
ಮಾಪಣ್ಣನ ಹೆಂಡತಿ. ಹಿಂದಿ ತಿಳೀದು.
ಅಕಿ ಮಾತಾಡೂತನಕ ಸೆರಗಿನ ಅಂಚು ಸುತ್ತಕೊಂತ
ಸುಮ್ಮನ ಗ್ವಾಡಿಗೆ ಆನಿ ಕೂಡೋಳು.
ಗೊರಗೊರ ಸುರು ಆತು ಅಂದ್ರ
ಮುಂದ ಬಾಗೋಳು,
ಕಿವಿ ಡಬ್ಬಿಗೆ ಹಚ್ಚಿ.

'ಈಗ ಏನಂತದ ತಮ್ಮಾ?'
ನನ್ನ ಪೆನ್ಸಿಲ್ ಹಾಳಿ ಮ್ಯಾಲ ನಿಂತಿತ್ತು.
ಅವತ್ತಿನ ಖಾಲಿ ಜಾಗ
ಇನ್ನೂ ಹಂಗೇ ಅದ.