ಟಾಕೀಸು ಇದ್ದಲ್ಲಿ ಎಡಕ್ಕೆ

ಪಾಳ್ಯದಿಂದ ಏಳೂಕಾಲರ ಬಸ್ಸು.
ಕಂಡಕ್ಟರು ಆಧಾರ್ ಕಾರ್ಡು ನೋಡಿ, ನನ್ನ ಮುಖ ನೋಡಿ,
ಮತ್ತೆ ಕಾರ್ಡು ನೋಡಿ,
"ಕೆಂಚಮ್ಮ ಅಂದರೆ ನೀವೇನಾ?" ಅಂದ.
"ಹನ್ನೊಂದು ವರ್ಷದ ಹಿಂದೆ ನಾನೇ" ಅಂದೆ.
ಸೊನ್ನೆ ರೂಪಾಯಿ ಟಿಕೀಟು ಹರಿದುಕೊಟ್ಟ.
ಸೊನ್ನೆಯನ್ನೂ ಮಡಿಸಿ ಪರ್ಸಿನಲ್ಲಿಟ್ಟೆ,
ಯಾರಾದರೂ ಕೇಳಿದರೆ ತೋರಿಸಬೇಕಲ್ಲ.

ಕರ್ಚೀಫಿನ ಗಂಟಿನಲ್ಲಿ ಷಟಲ್ಲು,
ಬೆರಳುದ್ದದ ಉಕ್ಕಿನ ದೋಣಿ.
ಮೂತಿ ಸವೆದು ದಾರ ಕಚ್ಚುವುದಿಲ್ಲ.
ಮನೆಯಲ್ಲಿ ಇಪ್ಪತ್ತೆರಡು ಯೂನಿಫಾರಮ್ಮು
ತೋಳಿಲ್ಲದೆ ಹಗ್ಗದ ಮೇಲೆ ನೇತಾಡುತ್ತಿವೆ;
ಇಸ್ಕೂಲು ಶುರುವಿಗೆ ಒಂಬತ್ತೇ ದಿನ.

ಮಿಷನ್ನು ಮಾರಿದ ವೀರಭದ್ರಾಚಾರರು
ಬೀಡಿಕಟ್ಟಿನ ಕಾಗದದ ಹಿಂದೆ ಬರೆದುಕೊಟ್ಟ ದಾರಿ:
ಬಸ್‌ಸ್ಟ್ಯಾಂಡಿಂದ ಸೀದಾ.
ಟಾಕೀಸಿನ ಹತ್ತಿರ ಎಡಕ್ಕೆ.
ಹುಣಸೇಮರ ಬಳಸಿಕೊಂಡು ಹೋದರೆ
ದಸ್ತಗೀರ್ ಸಾಬರ ಅಂಗಡಿ. ನನ್ನ ಹೆಸರು ಹೇಳು.

ಅವರು ಹಾಸನ ನೋಡಿ ಎಷ್ಟು ಕಾಲವಾಯಿತೆಂದು
ನಾನು ಕೇಳಲಿಲ್ಲ. ಕೇಳಬೇಕಿತ್ತು.

ಇಳಿದರೆ ಅದು ಅವರ ಬಸ್‌ಸ್ಟ್ಯಾಂಡೇ ಅಲ್ಲ.
"ಅದು ಹಳೇದು ಕಣಮ್ಮ, ಇದು ಹೊಸದು.
ಮೊದಲು ಅಲ್ಲಿಗೆ ಹೋಗಿ, ಆಮೇಲೆ ಕೇಳಿ."
ಆಟೋದವನು ಅರವತ್ತು ಅಂದ.
ಊರಿಂದ ಊರಿಗೆ ಸೊನ್ನೆಗೆ ಬಂದವಳಿಗೆ
ಅರವತ್ತು ಅನ್ನುವುದು ಬೈಗುಳದ ಹಾಗೆ ಕೇಳಿಸಿತು.
ನಡೆದೆ.

ದೊಡ್ಡ ರಸ್ತೆಯ ಅಂಚಿನಲ್ಲಿ ಕಾಲು ಗಂಟೆ ನಿಂತೆ.
ಲಾರಿ, ಕಾರು, ಮತ್ತೆ ಲಾರಿ,
ನನ್ನ ಹೆಜ್ಜೆಗೆ ಜಾಗವೇ ಇಲ್ಲ.
ಆಗೊಂದು ಕಂದು ಹಸು ಯಾರನ್ನೂ ಕೇಳದೆ ಇಳಿಯಿತು.
ಎಲ್ಲ ಗಾಡಿ ನಿಂತವು.
ಅದರ ಬಾಲ ಹಿಡಿಯುವುದೊಂದು ಬಾಕಿ,
ಹಿಂದೆಯೇ ದಾಟಿದೆ.

ಎಳನೀರಿನವನನ್ನು ಕೇಳಿದೆ, ಟಾಕೀಸು ಎಲ್ಲಪ್ಪಾ?
"ಅದನ್ನ ಕೆಡವಿ ಯಾವ ಕಾಲ ಆಯ್ತು!
ನೀವು ಒಂದು ಕೆಲಸ ಮಾಡಿ,
ಟಾಕೀಸು ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗಿ."
ಎಲ್ಲಿ ಇತ್ತು?
"ಅದೇ, ಎಡಕ್ಕೆ ತಿರುಗೋ ಕಡೆ."

ಅಲ್ಲಿ ಈಗ ಗಾಜಿನ ಅಂಗಡಿ,
ತಲೆಯಿಲ್ಲದ ಮೂರು ಗೊಂಬೆಗೆ ಚೂಡಿದಾರ.
ಕಣ್ಣಲ್ಲೇ ಅಳತೆ ತೆಗೆದೆ:
ಎದೆ ಮೂವತ್ತೆರಡು, ಸೊಂಟ ಇಪ್ಪತ್ತನಾಲ್ಕು.
ನಮ್ಮ ಕಡೆ ಈ ಅಳತೆಯವರು ಒಬ್ಬರೂ ಇಲ್ಲ.

ಹುಣಸೇಮರವೂ ಇರಲಿಲ್ಲ.
ಆದರೆ ರಸ್ತೆ ಆ ಜಾಗದಲ್ಲಿ ಸುಮ್ಮಸುಮ್ಮನೆ ಬಳುಕಿತ್ತು;
ಸ್ಕೂಟರಿನವರು, ತಳ್ಳುಗಾಡಿಯ ಸೊಪ್ಪಿನವಳು,
ಎಲ್ಲರೂ ಏನನ್ನೋ ಬಳಸಿಕೊಂಡು ಹೋಗುತ್ತಿದ್ದರು.
ನಾನೂ ಬಳಸಿದೆ.
ಒಂದು ಗಳಿಗೆ ತಣ್ಣಗಾಯಿತೆಂದರೆ ಸುಳ್ಳು.
ಬಿಸಿಲೇ ಇತ್ತು.

ಅಂಗಡಿ ಬಾಗಿಲು ಹಾಕಿತ್ತು. ಶುಕ್ರವಾರ ನಮಾಜು,
ಅದು ನನಗೆ ಹೊಳೆದೇ ಇರಲಿಲ್ಲ.
ಮೆಟ್ಟಿಲ ಮೇಲೆ ಕೂತು ಬುತ್ತಿಯ ರೊಟ್ಟಿ ಬಿಚ್ಚಿದೆ.
ಪಕ್ಕದ ಅಂಗಡಿಯಲ್ಲಿ ಕಾಫಿಬೀಜ ಅರೆಯುತ್ತಿದ್ದರು,
ಆ ಘಮದಲ್ಲೇ ಅದ್ದಿಕೊಂಡು ತಿಂದೆ.

ಎಕ್ಸ್‌ರೇ ಕವರು ಹಿಡಿದ ಒಬ್ಬರು ಬಂದರು,
ಬೆವರಿದ ಅಂಗಿ, ಕಂಕುಳಲ್ಲಿ ಪಿಸಿಬಿಟ್ಟ ಹೊಲಿಗೆ.
"ತಾಯಿ, ದೊಡ್ಡಾಸ್ಪತ್ರೆಗೆ ಯಾವ ಕಡೆ?"
ಬರುವಾಗ ಬೋರ್ಡು ಕಂಡಿದ್ದೆ.
ರೊಟ್ಟಿ ಹಿಡಿದ ಕೈಯನ್ನೇ ಚಾಚಿ ಹೇಳಿದೆ:
"ಸೀದಾ ಹೋಗಿ. ಹುಣಸೇಮರ ದಾಟಿ,
ಟಾಕೀಸಿನ ಹತ್ತಿರ ಬಲಕ್ಕೆ."
ತಿದ್ದಿಕೊಳ್ಳುವಷ್ಟರಲ್ಲಿ ಅವರು ಹೊರಟಾಗಿತ್ತು.
ನೋಡುತ್ತಲೇ ಇದ್ದೆ.
ಸರಿಯಾಗಿಯೇ ಬಳಸಿದರು.

ಎರಡು ಗಂಟೆಗೆ ದಸ್ತಗೀರ್ ಸಾಬರು ಬಂದು
ಟೋಪಿ ಮಡಿಸಿ ಜೇಬಿಗಿಟ್ಟು,
ಷಟಲ್ಲನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದರು.
"ಇದು ಆಚಾರ್ರ ಮಿಷನ್ನಿಂದು.
ಒಂದೇ ಪಕ್ಕ ಸವೆದಿದೆ, ಎಡಗಾಲು ಜಾಸ್ತಿ ತುಳೀತಿದ್ದರು."
ಆಮೇಲೆ, ಡಬ್ಬಿಯೊಳಗೆ ಕೈ ಹಾಕಿದವರು
ಮುಖ ಎತ್ತದೆ ಕೇಳಿದರು:
"ಇದ್ದಾರಾ?"

"ಇದ್ದಾರೆ" ಅಂದೆ.

ಎರಡು ಷಟಲ್ಲು, ನೂರ ಎಂಬತ್ತು.
ಚೌಕಾಸಿ ಮಾಡಿದೆ, ನೂರಾ ಎಪ್ಪತ್ತು.
ಕರ್ಚೀಫಿಗೆ ಗಂಟು ಹಾಕಿ ಎದ್ದೆ.

ವಾಪಸ್ಸು ಬರುವಾಗ
ಮರ ಬಲಕ್ಕೆ ಬಂತು.