ತತ್ತಿ ಯಾರದು

ಜುಟ್ಟು ಕೆಂಪಾತು.
ಕೈ ಚಾಚಿದರ ನೆಲಕ್ಕ ಅಂಟಿ ಕೂಡ್ರಾಕ ಹತ್ತಿತು.
“ಇನ್ನ ಎಂಟ ದಿನ,” ಅಂದ್ಳು ಗ್ವಾಡಿ ಆಚೆ ಎಸ್ಪೆರಾನ್ಸಾಬಾಯಿ.
ಎಂಟು ಹೋಗಿ ಹದಿನೆಂಟಾತು.

ಪಾವಿನವನ ಹಾರ್ನಿಗೂ ಮೊದಲ
ಜುವಾರಿನಗರ ಏಳೂವಂಗ ಕೂಗಿತು ಒಂದಿನ.
ಹುಲ್ಲು ಹಾಸಿದ ಬುಟ್ಟಿ ಖಾಲಿ.
ಗೌಂಡಿ ಗಂಡನ ಸಿಮೆಂಟ ಬಾಂಡ್ಲ್ಯಾಗ
ಸಿಪ್ಪಿಲ್ಲದ ತತ್ತಿ, ಬರೇ ಪೊರಿ,
ಬೆರಳಿಗೆ ಬಗ್ಗತಿತ್ತು.
ಮರುದಿನದ್ದು ಗೋಲಿಗುಂಡಿನಷ್ಟ; ಒಡದರ ಹಳದಿನ ಇಲ್ಲ.
ಮೂರನೇದಕ್ಕ ರಕ್ತದ ಗೆರಿ.
ಅವತ್ತ ಜ್ವಾಳ ಒಂದ ಹಿಡಿ ಹೆಚ್ಚ ಹಾಕಿದೆ.

ನಾಲ್ಕನೇದು ಆಕಿ ಅಂಗಳದ ಶಿಲುಬೆ ಕಟ್ಟಿ ಮ್ಯಾಲ,
ಕರಗಿದ ಮೇಣದ ಪಕ್ಕ.
“ದೇವರದು,” ಅಂದ್ಳು.
“ಕೋಳಿ ನಂದು,” ಅಂದೆ.
ಅರ್ಧ ತಾಸು ಕೊಂಕಣಿ, ಅರ್ಧ ತಾಸು ಕನ್ನಡ.

ಆಕಿ ತವಾದಾಗ ಒಡದರ
ಎರಡು ಹಳದಿ.
ಕೋಳಿ ಆಗಲೇ ನೀರಿನ ಟಾಕಿ ಹಿಂದ
ಹೊಸ ಜಾಗ ಕೆದರತಿತ್ತು.